ಹವಲ್ಲಿಯ ನೆಲಮಾಳಿಗೆಯಲ್ಲಿ ಕಾನ್‌ಸ್ಟಾಂಟಿನೋಪಲ್

ಚಕ್ರವರ್ತಿ ಕೇಳಬಹುದಾದ ಮೊದಲನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು, ಎರಡನೆಯದಕ್ಕೂ ಸಿದ್ಧವಾಗಿತ್ತು. ಮೂರನೆಯದು ಯಾವುದಿರಬಹುದೆಂದು ಊಹಿಸುತ್ತ ಮೋಹಿತ್ ಕುವೈತಿನ ಎಗೈಲಾದ ತನ್ನ ಅಡುಗೆಮನೆಯಲ್ಲಿ ಕುಕ್ಕರಿನ ಎದುರು ನಿಂತಿದ್ದ. ಶುಕ್ರವಾರದ ಬೆಳಗು. ಹೊರಗೆ ಧೂಳೆದ್ದು, ರಸ್ತೆಯಾಚೆಯ ಶಾಪಿಂಗ್ ಮಾಲ್ ಇನ್ನೂ ಯಾರೋ ಯೋಚಿಸುತ್ತಿರುವ ಕಟ್ಟಡದಂತೆ ಅಸ್ಪಷ್ಟವಾಗಿ ತೋರುತ್ತಿತ್ತು. "ಎಲೈ ಚಕ್ರವರ್ತಿಯೇ," ಎಂದು ಅವನು ಕುಕ್ಕರಿಗೆ ಹೇಳಿದ, "ನಿನ್ನ ಕೋಟೆ ಸಾವಿರ ವರ್ಷ ನಿಂತಿರಬಹುದು. ಆದರೆ ನನ್ನ ಫಿರಂಗಿಯಂಥದನ್ನು ಆ ಸಾವಿರ ವರ್ಷಗಳು ಕಂಡಿಲ್ಲ." ಕುಕ್ಕರ್ ಸಿಳ್ಳೆ ಹಾಕಿತು. ಒಳಕೋಣೆಯಿಂದ ಚಿನ್ಮಯಿ, "ರೀ, ಅದು ಶರಣಾಯ್ತು, ಸ್ಟವ್ ಆರ್ಸಿ," ಎಂದು ಕೂಗಿದಳು. ಅವನು ಆರಿಸಿದ. ಶರಣಾಗತಿ ಇಷ್ಟು ಸುಲಭವಾಗಿ ಸಿಗುವಂತಿದ್ದರೆ ಈ ಮೂರು ವಾರ ತಾನು ಬೈಜಾಂಟಿಯಮ್ಮಿನ ಚರಿತ್ರೆಯನ್ನು ಪರೀಕ್ಷೆಗೆ ಓದುವವನಂತೆ ಓದಬೇಕಿರಲಿಲ್ಲ ಎಂದುಕೊಂಡ.

ಈ ಮಧ್ಯಾಹ್ನ ಹವಲ್ಲಿಯ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆ ಪಾತ್ರವಾಗಿ ಮಾತನಾಡುತ್ತಾರೆ, ಮಾತಿನಲ್ಲೇ ಯುದ್ಧ, ಮಾತಿನಲ್ಲೇ ಸಾವು. ಕರಾವಳಿಯವರ ಈ ಕೂಟ ಪ್ರತಿ ವರ್ಷವೂ ಪುರಾಣದ ಪ್ರಸಂಗವನ್ನೇ ಆಡುತ್ತಿತ್ತು. ಈ ಸಲ ಭಾಗವತ ಆಂಥೋನಿಗೆ ಹೊಸತೊಂದು ಹುಚ್ಚು ಹಿಡಿದು, ಕಾನ್‌ಸ್ಟಾಂಟಿನೋಪಲಿನ ಮುತ್ತಿಗೆಯನ್ನು ಪದ್ಯಗಳಲ್ಲಿ ಕಟ್ಟಿಬಿಟ್ಟಿದ್ದ. ಆಂಥೋನಿ ಭಾನುವಾರ ಇಗರ್ಜಿಯಲ್ಲಿ ಕೀರ್ತನೆ ಹಾಡಿಸುವವನು, ಉಳಿದ ದಿನ ಶರ್ಕಿನ ಕಛೇರಿಯೊಂದರಲ್ಲಿ ಸರಕು ವಿಮೆ ನೋಡಿಕೊಳ್ಳುವವನು. ಸುಲ್ತಾನನ ಅರ್ಥ ಹೇಳಬೇಕಿದ್ದ ಸೆಡ್ರಿಕ್ ತಂಗಿಯ ಮದುವೆಗೆಂದು ಊರಿಗೆ ಹೊರಟಾಗ, ಬದಲಿಗೆ ಯಾರು ಎಂಬ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತಿದವನು ಮೋಹಿತ್. ಮೈಸೂರಿನವನು, ತಾಳಮದ್ದಳೆಯನ್ನು ಕುವೈತಿಗೆ ಬಂದ ಮೇಲಷ್ಟೇ ಕೇಳಿದವನು. ಕೈಯೆತ್ತಿದ ಮರುಕ್ಷಣ ತನ್ನ ಕೈಯನ್ನು ತಾನೇ ಅಚ್ಚರಿಯಿಂದ ನೋಡಿದ್ದ. ಏನನ್ನೂ ಬರೆದುಕೊಳ್ಳದೆ, ಮುಂದಿನ ವಾಕ್ಯದ ಭಯವಿಲ್ಲದೆ ಮಾತನಾಡುವ ಈ ಜನರ ನಡುವೆ ಕುಳಿತು ಒಮ್ಮೆಯಾದರೂ ಹಾಗೆ ಮಾತನಾಡಬೇಕೆಂಬ ಆಸೆ ಆ ಕೈಗೆ ಅವನಿಗಿಂತ ಮೊದಲೇ ತಿಳಿದಿತ್ತೇನೋ. ಈಗ ಉಳಿದದ್ದು ಒಂದೇ: ಇಂದು ನಗರ ಬೀಳಬೇಕು, ಮತ್ತು ಅದು ಅವನ ಮಾತಿನಿಂದಲೇ ಬೀಳಬೇಕು. ಬೀಳದಿದ್ದರೆ ಭಾಗವತರು ಕೊನೆಯ ಪದ್ಯ ಎತ್ತಿ ಹೇಗೋ ಬೀಳಿಸುತ್ತಾರೆ; ಚರಿತ್ರೆಗೆ ತೊಂದರೆಯಿಲ್ಲ. ಆದರೆ ಸಭೆಗೆ ಗೊತ್ತಾಗುತ್ತದೆ.

ಫಹಾಹೀಲ್ ಹೆದ್ದಾರಿಯಲ್ಲಿ ಚಿನ್ಮಯಿ ಕಾರು ಓಡಿಸಿದಳು. ಸುಲ್ತಾನ ಧ್ಯಾನದಲ್ಲಿರಲಿ ಎಂದು. ಅವನು ಕಣ್ಣು ಮುಚ್ಚಿ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ ಸರಪಳಿಯನ್ನೂ, ಅದನ್ನು ತಪ್ಪಿಸಲು ಎಣ್ಣೆ ಸವರಿದ ಮರದ ದಿಮ್ಮಿಗಳ ಮೇಲೆ ಗುಡ್ಡ ಹತ್ತಿದ ಹಡಗುಗಳನ್ನೂ ಕ್ರಮವಾಗಿ ನೆನೆಸಿಕೊಳ್ಳುತ್ತಿರುವಾಗ, ಹಡಗುಗಳ ನಡುವಿನಿಂದ ಎಂ.ಎಸ್ಸಿ. ಮೌಖಿಕ ಪರೀಕ್ಷೆಯ ಆ ದಪ್ಪ ಕನ್ನಡಕದ ಪರೀಕ್ಷಕ ಎದ್ದುಬಂದ. ಮೇಜಿನ ಮೇಲಿನ ಲೋಟವನ್ನು ತೋರಿಸಿ, "ನೀರು ಯಾಕಪ್ಪಾ ಒದ್ದೆಯಾಗಿರುತ್ತೆ?" ಎಂದು ಕೇಳಿದ್ದ ಆತ, ಬಹುಶಃ ಹುಡುಗನ ಭಯ ಬಿಡಿಸಲೆಂದು. ಮೋಹಿತ್ ಮೇಲ್ಮೈ ಎಳೆತದ ವ್ಯಾಖ್ಯೆಯನ್ನು ಅಲ್ಪವಿರಾಮಗಳ ಸಮೇತ ಒಪ್ಪಿಸಿದ್ದ. ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. "ಇದು ಗೊತ್ತಿರೋ ಉತ್ತರ. ಎಲ್ಲರಿಗೂ ಗೊತ್ತು. ನಿನಗೇನನ್ಸತ್ತೆ ಹೇಳು," ಎಂದಿದ್ದ ಪರೀಕ್ಷಕ, ನಗುತ್ತಲೇ. ತನಗೇನನ್ನಿಸುತ್ತದೆ ಎಂದು ಮೋಹಿತ್ ಹುಡುಕಿದಾಗ ಒಳಗೆ ಏನೂ ಸಿಕ್ಕಿರಲಿಲ್ಲ, ತೊಳೆದಿಟ್ಟ ಗಾಜಿನ ಪಾತ್ರೆಯ ಸ್ವಚ್ಛತೆಯ ಹೊರತು. ಈಗಲೂ ಅವನ ಕೆಲಸ ನೀರಿನದೇ. ಪ್ರಯೋಗಾಲಯದಲ್ಲಿ ಕೂತು ನಗರದ ನಲ್ಲಿಗಳಿಂದ ತಂದ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ಅಳೆಯುತ್ತಾನೆ. ಅಳತೆಗೆ ಎರಡು ಉತ್ತರಗಳಿರುವುದಿಲ್ಲ, ಸಹಿ ಮಾಡಿದರೆ ಖಲಾಸ್. "ಏನ್ರೀ, ತುಟಿ ಅಲ್ಲಾಡ್ತಾ ಇದೆ," ಎಂದಳು ಚಿನ್ಮಯಿ. "ಹಡಗು." "ಗುಡ್ಡ ಹತ್ತಿತಾ?" "ಅರ್ಧ." "ಹ್ಯಾಂಡ್‌ಬ್ರೇಕ್ ಹಾಕಿರಿ ಮತ್ತೆ," ಎಂದು ಅವಳು ಪಕ್ಕದ ಸಾಲಿಗೆ ಕಾರು ತಿರುಗಿಸಿದಳು. ಈ ಸಲ ಅವನೂ ನಕ್ಕ.

ಆದರೆ ನಕ್ಕ ಮೇಲೂ ಒಳಗೊಂದು ಮುಳ್ಳು ಉಳಿಯಿತು, ಮತ್ತು ಅದು ಹಡಗಿನದಲ್ಲ. ಚಕ್ರವರ್ತಿಯ ಅರ್ಥ ಹೇಳುವವರು ಮೈಕಲ್. ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ತಲೆ ನರೆಸಿಕೊಂಡವರು, ಕೂಟದ ಎಲ್ಲರಿಗಿಂತ ಹಿರಿಯ ಅರ್ಥಧಾರಿ. ತೊಂಬತ್ತನೆಯ ಇಸವಿಯಲ್ಲಿ ಈ ದೇಶದ ಮೇಲೆ ದಾಳಿಯಾದಾಗ, ಊರಿನವರೆಲ್ಲ ಬಸ್ಸು ಹತ್ತಿ, ಊರಿಗೆ ವಿಮಾನ ಸಿಗುವ ಅಮ್ಮಾನಿನ ದಾರಿ ಹಿಡಿದಾಗ, ಇಲ್ಲೇ ಉಳಿದವರು. ಹೆಂಡತಿ ಡೊರೊತಿ ಆ ಬೇಸಿಗೆಯಲ್ಲಿ ಮಕ್ಕಳೊಂದಿಗೆ ಕಿನ್ನಿಗೋಳಿಯಲ್ಲಿದ್ದರಂತೆ. ಏಕೆ ಉಳಿದಿರಿ ಎಂದು ಯಾರು ಕೇಳಿದರೂ ಮೈಕಲ್ ಭುಜ ಕುಣಿಸಿ, "ಡ್ಯೂಟಿ ಮಾರಾಯ, ಎಕ್ಸ್‌ರೇ ಮೆಷಿನನ್ನು ಒಂಟಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು. ನಗರವೊಂದು ಬಿದ್ದದ್ದನ್ನು ಕಿಟಕಿಯಿಂದ ಕಂಡ ಮನುಷ್ಯನೆದುರು, ಅದೇ ನಗರದಲ್ಲಿ ಕುಳಿತು, ಮುತ್ತಿಗೆಯನ್ನು ವರ್ಣಿಸುವುದು. ಅದಕ್ಕಾಗಿ ಚೆಂದದ ವಿಶೇಷಣಗಳನ್ನು ಆರಿಸಿಡುವುದು. ನಗರಪ್ರವೇಶದ ಹೊತ್ತಿಗೆಂದು ಮೋಹಿತ್ ಒಂದು ದೀರ್ಘ ವಿಜಯಭಾಷಣವನ್ನು ಬಾಯಿಪಾಠ ಮಾಡಿದ್ದ. ಸ್ನಾನದ ಮನೆಯಲ್ಲಿ ಅದನ್ನು ಹೇಳುವಾಗ ಅವನ ಎದೆ ನಿಜಕ್ಕೂ ಉಬ್ಬುತ್ತಿತ್ತು, ಮತ್ತು ಹಾಗೆ ಉಬ್ಬಿದ ಎದೆಯನ್ನು ಕನ್ನಡಿಯಲ್ಲಿ ಕಂಡಾಗ ನಾಚಿಕೆಯಾಗುತ್ತಿತ್ತು.

ನೆಲಮಾಳಿಗೆಯಲ್ಲಿ ಜಮಖಾನೆ ಹಾಸಿ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳನ್ನಿಟ್ಟಿದ್ದರು. ಡೊರೊತಿ ಮುಂದಿನ ಸಾಲಿನಲ್ಲಿ ಕುಳಿತು, ಚಿನ್ಮಯಿಯನ್ನು ಕಂಡೊಡನೆ ಪಕ್ಕದ ಕುರ್ಚಿಯಿಂದ ಕೈಚೀಲ ಎತ್ತಿಕೊಂಡರು. "ಬಾ ಚಿನ್ಮಯಿ, ಇಲ್ಲಿ ಕೂತ್ಕೋ. ನಿನ್ನ ಗಂಡ ನನ್ನ ಗಂಡನನ್ನು ಸೋಲಿಸ್ಲಿಕ್ಕೆ ಬಂದದ್ದಲ್ವಾ? ನಾವಿಬ್ರು ನೋಡುವ." "ಆಂಟಿ, ನಮ್ಮವರು ಕುಕ್ಕರ್ ಒಂದನ್ನ ಗೆದ್ದು ಬಂದಿದ್ದಾರೆ," ಎಂದಳು ಚಿನ್ಮಯಿ. ಮೈಕಲ್ ಆಗಲೇ ಜಮಖಾನೆಯ ಮೇಲೆ ಪಟ್ಟಾಗಿ ಕುಳಿತಿದ್ದರು. ಬಿಳಿಯ ಅಂಗಿ, ಹೆಗಲ ಮೇಲೆ ಮಡಿಸಿದ ಶಾಲು, ಎದುರು ಒಂದು ಲೋಟ ನೀರು, ಮುಖದಲ್ಲಿ ಊಟಕ್ಕೆ ಕುಳಿತವನ ಸಮಾಧಾನ. ಮೋಹಿತ್ ಎದುರು ಕುಳಿತು ಕಾಲು ಮಡಚಿದ. "ಹೆದರಿಕೆ ಉಂಟಾ?" ಎಂದು ಮೈಕಲ್ ಕೇಳಿದರು. "ಇಲ್ಲ ಅಂಕಲ್, ತಯಾರಾಗಿದ್ದೀನಿ." "ಅಯ್ಯೋ," ಎಂದರು ಮೈಕಲ್, ನಿಜವಾದ ಕನಿಕರದಿಂದ, "ತಯಾರಾದರೆ ಕಷ್ಟ ಮಾರಾಯ."

ಚಂಡೆ ಮೊಳಗಿತು. ಆಂಥೋನಿ ಜಾಗಟೆ ಬಡಿದು ದನಿಯೆತ್ತಿದ:

ಕೋಟೆ ಬಾಗಿಲ ಬಳಿಗೆ ಬಂದೆನು
ಮಾತಿನಿಂದಲೆ ತೆರೆಯೊ ಕದವನು

ಪದ್ಯ ನಿಂತಿತು, ಮದ್ದಳೆಯ ಕೊನೆಯ ಪೆಟ್ಟು ಗೋಡೆಗಳಲ್ಲಿ ಇಂಗಿತು, ಮತ್ತು ಆ ನೆಲಮಾಳಿಗೆಯ ಮೌನವೆಲ್ಲ ಮೋಹಿತನ ಕಡೆ ತಿರುಗಿತು. ಅವನು ಸಿದ್ಧಪಡಿಸಿದ ಮೊದಲ ವಾಕ್ಯವನ್ನು ಹೇಳಿದ, ಎರಡನೆಯದನ್ನು ಹೇಳಿದ. ದನಿ ತನ್ನದೇ ಎಂದು ಗುರುತು ಸಿಕ್ಕಿತು. ಫಿರಂಗಿಯ ವರ್ಣನೆಗೆ ಹಿಂದಿನ ಸಾಲಿನಿಂದ ಯಾರೋ "ಭೇಷ್" ಎಂದರು. ಆಗ ಅವನು ತಲೆಯೆತ್ತಿ ಎದುರಿನ ಮುಖವನ್ನು ನೋಡಿದ. ಮೈಕಲ್ ಕಣ್ಣು ಅರೆಮುಚ್ಚಿ ಫಿರಂಗಿಯ ಸದ್ದನ್ನು ಕೇಳುತ್ತಿದ್ದರು. ಬೇರೆ ಯಾವುದೋ ಸದ್ದನ್ನು ಕೇಳುತ್ತಿರಬಹುದೇ? ಮುಳ್ಳು ಅಲುಗಿತು. ಮುಂದಿನ ವಾಕ್ಯಕ್ಕೆ ಹೋಗಬೇಕಾದವನು ತಯಾರಿಯಲ್ಲಿಲ್ಲದ ಒಂದು ವಾಕ್ಯವನ್ನು, ಕ್ಷಮೆ ಕೇಳುವವನಂತೆ, ಹೇಳಿಬಿಟ್ಟ: "ಆದರೂ ಚಕ್ರವರ್ತಿಗಳೇ, ತಾವು ಭಯಪಡಬೇಡಿ. ತಮ್ಮ ನಗರದ ಒಂದೇ ಒಂದು ಹೊಸ್ತಿಲನ್ನೂ ನಾನು ಬಲವಂತದಿಂದ ದಾಟುವುದಿಲ್ಲ. ಇದು ನನ್ನ ವಚನ."

ಆಂಥೋನಿಯ ಹುಬ್ಬು ಮೇಲೇರಿತು. ಕರಾವಳಿಯಲ್ಲಿ ಹುಟ್ಟಿದ ಯಾವ ಸುಲ್ತಾನನೂ ಹಾಗೆ ಹೇಳುತ್ತಿರಲಿಲ್ಲ. ಕೂಟದಲ್ಲಿ ಪಾತ್ರ ಆಡಿದ ಮಾತನ್ನು ಪಾತ್ರ ಹಿಂತೆಗೆದುಕೊಳ್ಳುವಂತಿಲ್ಲ. ಬಾಯಿಂದ ಬಿದ್ದ ವಚನ ಕೊನೆಯ ಮಂಗಳದವರೆಗೂ ಕಾಲಿಗೆ ಸುತ್ತಿಕೊಂಡಿರುತ್ತದೆ. ಮೈಕಲ್ ಕಣ್ಣು ತೆರೆದರು. ಒಂದು ಗುಟುಕು ನೀರು ಕುಡಿದರು. ಶಾಲನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡರು. "ಭಾಗವತರೇ, ಕೇಳಿದಿರಷ್ಟೆ? ಸಭಾಸದರೇ, ತಾವೂ ಕೇಳಿದಿರಿ. ಬಲವಂತದಿಂದ ಒಂದು ಹೊಸ್ತಿಲನ್ನೂ ದಾಟುವುದಿಲ್ಲವೆಂದು ಸುಲ್ತಾನ ವಚನವಿತ್ತ. ಮಹಾನುಭಾವ! ಅಯ್ಯಾ, ನನ್ನ ಕೋಟೆಯ ಹೆಬ್ಬಾಗಿಲಿಗೂ ಒಂದು ಹೊಸ್ತಿಲಿದೆಯಲ್ಲ? ನೀನು ಬಲವಂತ ಮಾಡುವವನಲ್ಲ. ನಾನು ಬಾ ಎಂದು ಕರೆಯುವವನಲ್ಲ. ಇನ್ನೇನು ಉಳಿಯಿತು?" ಆಂಥೋನಿಯ ಕಡೆ ತಿರುಗಿ, ಚಕ್ರವರ್ತಿಯ ಗತ್ತಿನಿಂದ ಸೀದಾ ಮಂಗಳೂರಿಗೆ ಇಳಿದು, "ಮಂಗಳ ಹಾಡಿ ಮಾರಾಯ್ರೆ, ಊಟಕ್ಕೆ ಹೋಗುವ," ಎಂದರು.

ಸಭೆ ನಗುವಿನಲ್ಲಿ ಮುಳುಗಿತು. ಮೋಹಿತ್ ಫಿರಂಗಿಯನ್ನು ಮತ್ತೆ ಎಳೆತಂದ; "ಅದು ಬಲವಂತ," ಎಂದರು ಚಕ್ರವರ್ತಿ. ಹಡಗುಗಳನ್ನು ಗುಡ್ಡ ಹತ್ತಿಸಿ ಕೊಲ್ಲಿಗೆ ಇಳಿಸಿದ. "ಮೆಚ್ಚಿದೆ. ಇಳಿಸಿದ ಮೇಲೆ ಸುಮ್ಮನೆ ಯಾಕೆ ತೇಲಿಸುತ್ತೀ? ನನ್ನ ಕೊಲ್ಲಿಯಲ್ಲಿ ಒಳ್ಳೆಯ ಬಂಗುಡೆ ಸಿಗುತ್ತದೆ, ಬಲೆ ಹಾಕು. ಸಂಜೆಗೆ ನನಗೂ ನಾಲ್ಕು ಕಳುಹಿಸು." ಹಸಿವಿನ ಭಯ ಹುಟ್ಟಿಸಿದ. "ನನ್ನ ಗೋಡೆಯೊಳಗೆ ಹೊಲಗಳಿವೆ, ದ್ರಾಕ್ಷಿತೋಟಗಳಿವೆ. ನಿನ್ನ ದಂಡಿಗೆ ದಿನಕ್ಕೆ ಎಷ್ಟು ರೊಟ್ಟಿ ಬೇಕು, ಲೆಕ್ಕ ಹಾಕಿದ್ದೀಯೋ?" ಹಾಕಿದ್ದ, ಅದೇ ದುರಂತ. ಲೆಕ್ಕವನ್ನು ಹೇಳಲು ಬಾಯಿ ತೆರೆದವನು ಅದು ತನ್ನ ವಿರುದ್ಧವೇ ಸಾಕ್ಷಿಯೆಂದು ಹೊಳೆದು ಮುಚ್ಚಿದ. ಹಿಂದಿನಿಂದ ಯಾರೋ, "ಸುಲ್ತಾನರಿಗೆ ನೀರು ಕೊಡಿ," ಎಂದರು. ಕೊಟ್ಟರು. ಲೋಟದಲ್ಲಿ ನೀರು ಒದ್ದೆಯಾಗಿತ್ತು.

ಆಂಥೋನಿ ಬಗ್ಗಿ ಪಿಸುಗುಟ್ಟಿದ. "ಮೋಹಿತ್, ಕೊನೆ ಪದ್ಯ ಎತ್ತುದಾ? ನಗರ ನಾನು ಬೀಳಿಸ್ತೇನೆ. ಪರವಾಗಿಲ್ಲ, ಮೊದಲ ಸಲ ಎಲ್ಲರಿಗೂ ಹೀಗೇ." ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹೂಂ ಎಂದರೆ ಮುಗಿಯಿತು. ಎಲ್ಲರೂ ಬೆನ್ನು ತಟ್ಟುತ್ತಾರೆ, ಡೊರೊತಿ ಆಂಟಿ ತಟ್ಟೆಗೆ ಮೀನಿನ ಇನ್ನೊಂದು ತುಂಡು ಹೆಚ್ಚು ಹಾಕುತ್ತಾರೆ, ಸೆಡ್ರಿಕ್ ಮುಂದಿನ ತಿಂಗಳು ಬಂದು ಕಥೆ ಕೇಳಿ ಸಭ್ಯವಾಗಿ ನಗುತ್ತಾನೆ. ಮತ್ತು ತಾನು ಮುಂದಿನ ವರ್ಷದಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಅಳತೆಗೆ ಎರಡು ಉತ್ತರಗಳಿಲ್ಲದ ಕಡೆ ತನ್ನ ಜಾಗವೆಂದು ನಂಬಿಕೊಂಡು, ಚಪ್ಪಾಳೆ ತಟ್ಟುತ್ತಿರಬೇಕು. ಮೋಹಿತ್ ತಲೆಯಲ್ಲಾಡಿಸಿದ: ಬೇಡ. ಬೇಡವೆಂದ ಮೇಲೆ ಹೇಳಲು ಏನಾದರೂ ಇರಬೇಕಲ್ಲ ಎಂದು ಒಳಗೆ ಹುಡುಕಿದ. ಮೂರು ವಾರ ಒಟ್ಟುಮಾಡಿದ್ದೆಲ್ಲ ಖರ್ಚಾಗಿ ಪಾತ್ರೆ ಮತ್ತೆ ಸ್ವಚ್ಛವಾಗಿತ್ತು. ತಳದಲ್ಲಿ ಉಳಿದದ್ದು ಒಂದು ಪ್ರಶ್ನೆ. ಸಿದ್ಧಪಡಿಸಿದ್ದಲ್ಲ, ಈ ಮನುಷ್ಯನನ್ನು ಕಂಡ ದಿನದಿಂದ ಗಂಟಲಲ್ಲೇ ಇದ್ದದ್ದು. ಬಲವಂತವಿಲ್ಲದೆ ಕೇಳಬಹುದಾದದ್ದು ಅದೊಂದೇ.

"ಚಕ್ರವರ್ತಿಗಳೇ," ಎಂದ ಮೋಹಿತ್. ದನಿಯಲ್ಲಿ ಸುಲ್ತಾನ ಅಷ್ಟಾಗಿ ಇರಲಿಲ್ಲ. "ನಾನು ಬರುವುದು ತಮಗೆ ಮೊದಲೇ ತಿಳಿದಿತ್ತು. ತಮ್ಮನ್ನು ಕರೆದೊಯ್ಯಲು ಹಡಗು ಕಾದಿತ್ತು. ತಮ್ಮವರು ಹೊರಟರು. ತಾವೇಕೆ ಹೋಗಲಿಲ್ಲ?"

"ಕರ್ತವ್ಯ!" ಎಂದರು ಮೈಕಲ್ ತಟ್ಟನೆ, ಅಂಗೈ ಎತ್ತಿ. "ಸಿಂಹಾಸನವನ್ನು ಒಂಟಿಯಾಗಿ ಬಿಟ್ಟು ಹೋಗಲಾದೀತೇ?" ಸಭೆಗೆ ಆ ಮಾತಿನ ಹಿಂದಿನ ಎಕ್ಸ್‌ರೇ ಯಂತ್ರ ಕಾಣಿಸಿತು; ಮೆಚ್ಚುಗೆಯ ನಗು ಎದ್ದಿತು. ಡೊರೊತಿ ಹೆಮ್ಮೆಯಿಂದ ಚಿನ್ಮಯಿಯ ಕಡೆ ನೋಡಿದರು.

"ಅದು ಗೊತ್ತಿರುವ ಉತ್ತರ," ಎಂದ ಮೋಹಿತ್ ಮೆಲ್ಲಗೆ. "ಎಲ್ಲರಿಗೂ ಗೊತ್ತು. ನನಗೆ ನಗರ ಬೇಡ, ಬೇಕಾದರೆ ಇವತ್ತೇ ಡೇರೆ ಕೀಳುತ್ತೇನೆ. ಸಾಯುವುದು ಖಚಿತವಾಗಿರುವ ಕಡೆ ಒಬ್ಬ ಮನುಷ್ಯ ಏಕೆ ಉಳಿಯುತ್ತಾನೆ, ಅದನ್ನು ತಿಳಿದುಕೊಂಡು ಹೋಗುತ್ತೇನೆ. ಹೇಳಿ."

ಮೈಕಲ್ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಮದ್ದಳೆಯವನು ಬೆರಳನ್ನು ಚರ್ಮದ ಮೇಲಿಟ್ಟು ಕಾದ. ಎಷ್ಟೋ ವರ್ಷಗಳಿಂದ ಭುಜ ಕುಣಿಸಿ ದಾಟಿಬಂದ ಜಾಗದಲ್ಲಿ ಭುಜಗಳು ಈ ಸಲ ಏಕೋ ಕುಣಿಯಲಿಲ್ಲ. ಬದಲಿಗೆ ಅವರ ಮುಖದಲ್ಲಿ ಒಂದು ಹೊಸ ಕುತೂಹಲ ಮೂಡಿತು, ಚಕ್ರವರ್ತಿ ಏನು ಹೇಳುತ್ತಾನೋ ಕೇಳೋಣ ಎಂಬಂತೆ. "ಸುಲ್ತಾನನೇ," ಎಂದು ಅವರು ನಿಧಾನವಾಗಿ ಆರಂಭಿಸಿದರು, "ನಾನು ಹೊರಟಿದ್ದೆ. ಹೌದು, ಹೊರಟೇ ಇದ್ದೆ. ಒಂದು ದಿನ ಮುಂಜಾನೆ ಗಂಟು ಕಟ್ಟಿಕೊಂಡು, ನೆರೆಹೊರೆಯ ಪ್ರತಿಯೊಬ್ಬರನ್ನೂ ಅಪ್ಪಿಕೊಂಡು ವಿದಾಯ ಹೇಳಿದೆ. ಅತ್ತರು, ನಾನೂ ಅತ್ತೆ. ಒಬ್ಬ ಮುದುಕಿ ದಾರಿಗೆಂದು ಖರ್ಜೂರ ಕಟ್ಟಿಕೊಟ್ಟಳು. ಒಬ್ಬನಿಗೆ ನನ್ನ ಒಳ್ಳೆಯ ಪಾದರಕ್ಷೆಗಳನ್ನು ಕೊಟ್ಟೆ. ಹೋಗಿ ದಡದಲ್ಲಿ ನಿಂತೆ. ಹಡಗು ಬರಲಿಲ್ಲ. ಸಂಜೆಯವರೆಗೂ ನಿಂತೆ, ಬರಲೇ ಇಲ್ಲ. ಕತ್ತಲಾದ ಮೇಲೆ, ಯಾರ ಕಣ್ಣಿಗೂ ಬೀಳದಂತೆ, ಗೋಡೆ ಹಿಡಿದು ಮನೆಗೆ ಬಂದೆ. ಮರುದಿನ ಹಡಗು ಬಂತು. ಆದರೆ ಹೇಗೆ ಹೋಗಲಿ ಹೇಳು? ಮತ್ತೆ ಅದೇ ಜನರ ಬಾಗಿಲು ತಟ್ಟಿ, 'ನಿನ್ನೆ ಅತ್ತಿರಲ್ಲ, ಇನ್ನೊಮ್ಮೆ ಅಳಿ' ಎನ್ನಲೇ? ಖರ್ಜೂರ ಆಗಲೇ ತಿಂದಾಗಿತ್ತು. ಪಾದರಕ್ಷೆ ಇನ್ನೊಬ್ಬನ ಕಾಲಲ್ಲಿತ್ತು. ನಾಚಿಕೆಯಾಯಿತು, ಸುಲ್ತಾನನೇ. ನಾಚಿಕೆಗೆ ಉಳಿದೆ. ಉಳಿದ ಮೇಲೆ ಕೆಲಸವಿತ್ತು, ಮಾಡಿದೆ. ಅದಕ್ಕೆ ಕರ್ತವ್ಯ ಎಂದು ಆಮೇಲೆ ಹೆಸರಿಟ್ಟದ್ದು."

ನಗಬಹುದೋ ಎಂದು ತಿಳಿಯದೆ ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದದ್ದು ಮುಂದಿನ ಸಾಲಿನ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಡೊರೊತಿ ನಿಂತಿದ್ದರು.

"ಹಡಗಲ್ಲ, ಬಸ್ಸು! ಬಸ್ಸು ಅಂತ ಸರಿ ಹೇಳಿ! ಡ್ಯೂಟಿ ಡ್ಯೂಟಿ ಅಂತ ನಾನು ಊರಿಡೀ ನಿಮ್ಮನ್ನು ಹೊಗಳಿದ್ದೇನೆ ಮಾರಾಯ್ರೆ. ನಿಮ್ಮ ಹೆಸರಲ್ಲಿ ಇಗರ್ಜಿಯಲ್ಲಿ ಪೂಜೆ ಹೇಳಿಸಿದ್ದೇನೆ, ಫಾದರ್ ಶೆರ್ಮಾಂವಿನ ಪ್ರವಚನದಲ್ಲಿ ನಿಮ್ಮ ಕಥೆ ಹೇಳಿದ್ರು!"

"ಡೊರೊತಿ," ಎಂದರು ಮೈಕಲ್ ಕೈಮುಗಿದು, "ಇದು ಚಕ್ರವರ್ತಿ ಮಾತಾಡುದು. ನಾನಲ್ಲ."

"ಚಕ್ರವರ್ತಿ ಮನೆಗೆ ಬರ್ಲಿ. ಆ ಶೂಸ್ ನಾನು ಮಂಗಳೂರಿಂದ ಕಳಿಸಿದ್ದು!" ಎಂದು ಡೊರೊತಿ ಗದರಿಸಿದರು, ಮತ್ತು ಗದರುತ್ತಿರುವಾಗಲೇ ಅವರ ಹಿಡಿತ ತಪ್ಪಿಹೋಗಿ ನಗು ಬಂತು; ಚಿನ್ಮಯಿಯ ಭುಜ ಹಿಡಿದುಕೊಂಡು, ಕಣ್ಣಿನ ನೀರು ಒರೆಸುತ್ತ, "ನಾಚಿಕೆಯಂತೆ! ಇವರಿಗೆ!" ಎಂದು ಇಡೀ ದೇಹದಿಂದ ನಕ್ಕರು. ಆ ನಗುವಿಗಾಗಿ ಕಾದಿದ್ದಂತೆ ನೆಲಮಾಳಿಗೆಯೆಲ್ಲ ಸಿಡಿಯಿತು. ಮೈಕಲ್ ಹೆಂಡತಿಯನ್ನೇ ನೋಡುತ್ತಿದ್ದರು. ಅವರ ಬೆನ್ನು ಮೊದಲ ಬಾರಿಗೆ ಸ್ವಲ್ಪ ಬಾಗಿತು, ಹೊತ್ತದ್ದನ್ನು ಇಳಿಸಿದವನ ಬೆನ್ನಿನ ಹಾಗೆ. ಆ ಬಾಗುವಿಕೆಯಲ್ಲಿ ಸೋಲಿಗಿಂತ ಸುಖವೇ ಹೆಚ್ಚಿತ್ತೆಂದು ಮೋಹಿತನಿಗೆ ಅನ್ನಿಸಿತು. ಅನ್ನಿಸಿತು ಎಂಬುದನ್ನೂ ಅವನು ಗಮನಿಸಿದ.

ನಗು ಇಳಿಯಲು ಬಿಟ್ಟು ಚಕ್ರವರ್ತಿ ಶಾಲು ಸರಿಪಡಿಸಿಕೊಂಡರು. "ಸುಲ್ತಾನನೇ, ಹೊರಗೆ ನೀನಿದ್ದೆ, ತಡೆದುಕೊಂಡೆ. ಒಳಗಿನಿಂದ ಇವಳು ಎದ್ದ ಮೇಲೆ ಯಾವ ಕೋಟೆ ನಿಂತೀತು? ಬಾ. ನಿನ್ನ ವಚನಕ್ಕೆ ಭಂಗವಿಲ್ಲ. ಹೊಸ್ತಿಲು ದಾಟಲು ನಾನೇ ಕರೆಯುತ್ತಿದ್ದೇನೆ."

ಆಂಥೋನಿ ತಾನು ಬರೆದಿಟ್ಟ ಕೊನೆಯ ಪದ್ಯವನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ಹುಟ್ಟಿದ ಇನ್ನೊಂದನ್ನು ಎತ್ತಿದ:

ಅಗುಳಿ ತಾನೇ ಸರಿಯೆ ಒಳಗಡೆ
ನಗುತ ಸುಲ್ತಾನ್ ನಗರ ಹೊಕ್ಕನು

ಚಂಡೆ ಹುಚ್ಚೆದ್ದು ಬಡಿಯಿತು. ಚಿನ್ಮಯಿ ಎರಡು ಕೈಗಳನ್ನೂ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು. ಆ ಗದ್ದಲದ ಮರೆಯಲ್ಲಿ ಮೈಕಲ್ ಮುಂದೆ ಬಾಗಿ ಮೋಹಿತನ ಮೊಣಕಾಲಿನ ಮೇಲೆ ಕೈಯಿಟ್ಟರು. "ಇನ್ನು ಚಂದ ಮಾಡಿ ಮಾತಾಡು, ಆಯ್ತಾ? ನನ್ನ ನಗರ ಅದು."

ಪದ್ಯ ಮುಗಿಯಿತು. ವಿಜಯಭಾಷಣ ಅಲ್ಪವಿರಾಮಗಳ ಸಮೇತ ನಾಲಗೆಯ ತುದಿಯಲ್ಲೇ ಇತ್ತು. ಅದರ ಪ್ರತಿಯೊಂದು ವಾಕ್ಯವೂ ತಾನು ನೋಡದ, ಯಾರೂ ವಾಸಿಸದ ಒಂದು ನಗರದ ಬಗ್ಗೆಯಾಗಿತ್ತು. ಮೋಹಿತ್ ಅದನ್ನು ನುಂಗಿದ. ಎದುರಿಗೆ ಈಗ ತೆರೆದ ಬಾಗಿಲು, ಅದರಾಚೆ ಒಂದು ಬೀದಿ, ಬೀದಿಯಲ್ಲಿ ವಿದಾಯ ಹೇಳಿಸಿಕೊಂಡು ಅತ್ತಿದ್ದ ಜನ, ಯಾರದೋ ಕಾಲಲ್ಲಿ ಇನ್ನೊಬ್ಬರ ಒಳ್ಳೆಯ ಪಾದರಕ್ಷೆ. ಅವರಲ್ಲಿ ಮೊದಲು ಯಾರನ್ನು ಮಾತನಾಡಿಸಬೇಕೆಂದು ಅವನಿಗೆ ತಿಳಿದಿರಲಿಲ್ಲ. ಹೊಸ್ತಿಲ ಮೇಲೆ ಕಾಲಿಡುವವನಂತೆ ಬೆನ್ನನ್ನು ನೆಟ್ಟಗೆ ಮಾಡಿ, ಮುಂದಿನ ಮಾತು ಏನಾಗಿರುತ್ತದೆಂದು ಕೇಳುವ ಆತುರದಿಂದ ಅವನು ಬಾಯಿ ತೆರೆದ.